ಮೇಷ್ಟ್ರು ಓದಿದ ಕೊನೆಯ ಕಲ್ಲು

ನಮ್ಮ ಮೇಷ್ಟ್ರು ಸುಳ್ಳು ಹೇಳಿದ್ದರು. ಈ ಒಂದು ವಾಕ್ಯ ಬರೆಯಲು ನನಗೆ ಎಂಟು ತಿಂಗಳು ಬೇಕಾಯಿತು. ಅವರು ತೀರಿಕೊಂಡಾಗ ಅತ್ತೆ, ಮಣ್ಣು ಹಾಕಿ ಬಂದೆ, ಮಾರನೆಯ ದಿನ ಕಾಲೇಜಿಗೆ ಹೋಗಿ ಪಾಠವನ್ನೂ ಮಾಡಿದೆ. ಸುಳ್ಳು ಗೊತ್ತಾದ ದಿನ ಮಾತ್ರ ಪಾಠ ಮಾಡಲು ನನ್ನ ಕೈಲಾಗಲಿಲ್ಲ. ಮೈ ಸರಿಯಿಲ್ಲ ಎಂದು ಮಕ್ಕಳಿಗೆ ಹೇಳಿ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಕೂತೆ. ಮೈ ಸರಿಯಾಗಿಯೇ ಇತ್ತು.

ಕೊಳ್ಳೇಗಾಲದ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹಳಗನ್ನಡ ಕಲಿಸಿದವರು ಅವರು. ಹೆಸರು ಹೇಳುವುದಿಲ್ಲ. ಹೇಳದಿದ್ದರೂ ಅವರ ಕೈಲಿ ಬೈಸಿಕೊಂಡವರಿಗೆಲ್ಲ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ಯಳಂದೂರು ಕಡೆ, ಅಗರದ ಹತ್ತಿರ ಅವರ ಊರು. ಗದ್ದೆ, ಕಬ್ಬಿನ ಹೊಲ, ದೊಡ್ಡ ಶಿವಭಕ್ತರ ಮನೆ. ಅಣ್ಣತಮ್ಮಂದಿರೆಲ್ಲ ಜಮೀನು ನೋಡಿಕೊಂಡರು, ಇವರೊಬ್ಬರು ಪುಸ್ತಕ ಹಿಡಿದು ಕೊಳ್ಳೇಗಾಲಕ್ಕೆ ಬಂದು ಮಗ್ಗಗಳ ಬೀದಿಯಲ್ಲಿ ಮನೆ ಮಾಡಿದರು. ಹಣೆಗೆ ಮೂರು ಬೆರಳಿನ ವಿಭೂತಿ, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೀಲಿ ಪೆನ್ನು ನಮ್ಮ ತಪ್ಪು ತಿದ್ದಲು, ಕೆಂಪು ಪೆನ್ನು ತಮ್ಮ ತಪ್ಪು ತಿದ್ದಿಕೊಳ್ಳಲು. ತಮಾಷೆಗೆ ಹೇಳುತ್ತಿಲ್ಲ. ಅವರ ಪಾಠದ ಟಿಪ್ಪಣಿಗಳ ಅಂಚಿನಲ್ಲಿ ಕೆಂಪು ಗೀಟುಗಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅವರ ತರಗತಿಯಲ್ಲಿ ಊಹೆಗೆ ಜಾಗವಿರಲಿಲ್ಲ. ಪದ್ಯ ಓದಿಸಿ ಅರ್ಥ ಕೇಳುತ್ತಿದ್ದರು. ಗೊತ್ತಿಲ್ಲ ಎಂದರೆ ಬೈಯುತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ಏನೋ ಒಂದು ಹೇಳಿದರೆ ಮುಗಿಯಿತು. "ಲೇ, ಕಾಣದ್ದನ್ನ ಕಂಡೆ ಅಂತ ಯಾಕ್ಲಾ ಹೇಳ್ತೀಯ? ಕಾಣಲಿಲ್ಲ ಅನ್ನಕ್ಕೆ ನಾಚಿಕೆಯಾ?" ಎಂದು ಅಷ್ಟು ಜನರೆದುರು ನಿಲ್ಲಿಸಿ ಕೇಳುತ್ತಿದ್ದರು. ಒಂದು ಪರೀಕ್ಷೆಯಲ್ಲಿ ನಾನು ಒಂದು ಪದ್ಯಕ್ಕೆ ನನ್ನದೇ ಕತೆ ಕಟ್ಟಿ ಎರಡು ಪುಟ ತುಂಬಿಸಿದ್ದೆ. ಪಕ್ಕದವನು 'ಈ ಪದ್ಯ ನನಗೆ ಅರ್ಥವಾಗಿಲ್ಲ' ಎಂದು ಒಂದೇ ಸಾಲು ಬರೆದಿದ್ದ. ಅವನಿಗೆ ಅರ್ಧ ಮಾರ್ಕು ಬಂತು, ನನಗೆ ಸೊನ್ನೆ. ಕೇಳಲು ಹೋದೆ. "ಅವನು ಒಂದು ಸಾಲು ನಿಜ ಹೇಳವ್ನೆ. ನೀನು ಎರಡು ಪುಟ ಸುಳ್ಳು ಹೇಳಿದೀಯ" ಎಂದರು. ಮೈಸೂರಿನ ಮೌಲ್ಯಮಾಪನಕ್ಕೆ ಹೋದಾಗಲೂ ಇದೇ ಲೆಕ್ಕ ಹಿಡಿದು ಅಲ್ಲಿಯ ಮುಖ್ಯಸ್ಥರ ಜೊತೆ ಜಗಳವಾಡಿಕೊಂಡು ಬರುತ್ತಿದ್ದರು.

ಪೋಸ್ಟ್‌ಕಾರ್ಡಿನ ಕತೆ ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ನಾನು ಸೇರುವುದಕ್ಕೆ ಮೊದಲು ಒಂದು ಬ್ಯಾಚಿಗೆ ಒಂದು ಪದ್ಯದ ಅರ್ಥವನ್ನು ತಪ್ಪಾಗಿ ಹೇಳಿಬಿಟ್ಟಿದ್ದರಂತೆ. ಎರಡು ವರ್ಷ ಕಳೆದ ಮೇಲೆ ಅದು ಅವರಿಗೆ ಹೊಳೆಯಿತು. ಆ ಬ್ಯಾಚಿನ ಹನ್ನೊಂದು ಜನರ ವಿಳಾಸ ಆಫೀಸಿನಿಂದ ಬರೆಸಿಕೊಂಡು ಹನ್ನೊಂದು ಪೋಸ್ಟ್‌ಕಾರ್ಡ್ ಹಾಕಿದರು. 'ಇಂಥ ಪದ್ಯಕ್ಕೆ ನಾನು ಹೇಳಿದ ಅರ್ಥ ತಪ್ಪು. ಸರಿಯಾದದ್ದು ಇದು. ತಿದ್ದಿಕೊಳ್ಳುವುದು.' ಅವರಲ್ಲಿ ಒಬ್ಬ ಅಷ್ಟುಹೊತ್ತಿಗೆ ಬಸ್ ಕಂಡಕ್ಟರ್ ಆಗಿದ್ದ. ಹನೂರಿನ ಬಸ್ಸಿನಲ್ಲಿ ಮೇಷ್ಟ್ರು ಸಿಕ್ಕಾಗ, "ಸಾ, ನಾನೀಗ ಟಿಕೆಟ್ ಅರಿಯೋನು. ಆ ಪದ್ಯ ತಕಂಡು ನಾನೇನ್ ಮಾಡ್ಲಿ ಸಾ?" ಎಂದು ನಕ್ಕನಂತೆ. ಮೇಷ್ಟ್ರು ನಗಲಿಲ್ಲ. "ನಿನ್ನ ತಲೇಲಿ ನಾನಿಟ್ಟ ತಪ್ಪು ಇರಬಾರದು ಕಣಪ್ಪ, ಅಷ್ಟೇ" ಎಂದರಂತೆ. ಇದನ್ನು ಆ ಕಂಡಕ್ಟರೇ ನನಗೆ ಹೇಳಿದ್ದು.

ಇಂಥವರು ಸುಳ್ಳು ಹೇಳಿದರು ಎಂದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ.

ಭಾನುವಾರ ಬಂತೆಂದರೆ ಅವರು ಕಲ್ಲು ಓದಲು ಹೊರಡುತ್ತಿದ್ದರು. ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಲ್ಲಿ ಹೊಲದ ಬದುವಿನಲ್ಲೋ ಗುಡಿಯ ಹಿಂದೆಯೋ ಹಳೆಯ ಶಾಸನದ ಕಲ್ಲುಗಳು ನಿಂತಿರುತ್ತವೆ. ದನ ಮೈ ಉಜ್ಜಿ, ಮಳೆ ಬಿದ್ದು ಅಕ್ಷರ ಸವೆದಿರುತ್ತದೆ. ಸವೆದ ಅಕ್ಷರ ನೇರ ಬಿಸಿಲಿಗೆ ಕಾಣುವುದಿಲ್ಲ, ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಅದಕ್ಕಾಗಿ ಮೇಷ್ಟ್ರ ಕೈಚೀಲದಲ್ಲಿ ಒಂದು ಕನ್ನಡಿ ಇರುತ್ತಿತ್ತು. ನಮ್ಮಲ್ಲೊಬ್ಬ ಅದನ್ನು ಹಿಡಿದು ಬಿಸಿಲನ್ನು ಕಲ್ಲಿನ ಮೈಮೇಲೆ ಓರೆಯಾಗಿ ಹಾಯಿಸಬೇಕು, ಇನ್ನೊಬ್ಬ ತೆಂಗಿನ ನಾರಿನಿಂದ ಕಲ್ಲು ತೊಳೆಯಬೇಕು, ಮತ್ತೊಬ್ಬ ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಕಾಣದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಿಸುತ್ತಿದ್ದರು. ಒಂದೊಂದು ಸಲ ಇಡೀ ಭಾನುವಾರ ಕೂತು ನಾಲ್ಕು ಅಕ್ಷರ, ನಲವತ್ತು ಚುಕ್ಕಿ ಬರೆದುಕೊಂಡು ವಾಪಸಾಗಿದ್ದೂ ಉಂಟು. ದಾರಿಯಲ್ಲಿ ಚಹಾ ಕುಡಿಸುತ್ತ, "ಇವತ್ತು ಒಳ್ಳೆ ಕೆಲಸ ಆಯ್ತು" ಎನ್ನುತ್ತಿದ್ದರು. ಇಡೀ ಭಾನುವಾರ ಹಾಳಾಯಿತಲ್ಲ ಎಂದು ನಮಗೆ ಸಿಟ್ಟು.

ಈಗ ಆ ದಿನಕ್ಕೆ ಬರುತ್ತೇನೆ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಬಂಡಳ್ಳಿ ದಾಟಿ ಇನ್ನೂ ಮುಂದಕ್ಕೆ ಹೋದರೆ ಒಂದು ಊರಿದೆ. ಅದರ ಹೆಸರೂ ಬೇಡ. ಅಲ್ಲೊಂದು ಕೆರೆ. ಕೆರೆಯ ಮೆಟ್ಟಿಲು ಮೇಲಿನ ಬೀದಿಯವರದು, ಕೆಳಗಿನ ಬೀದಿಯವರು ಇಳಿಯುವಂತಿರಲಿಲ್ಲ. ಅವರು ಕೋಡಿಯಾಚೆ ಹರಿದು ಬಂದ ನೀರನ್ನು ಗುಂಡಿ ತೋಡಿ ತುಂಬಿಕೊಳ್ಳಬೇಕು. ಆ ಬೇಸಿಗೆಯಲ್ಲಿ ಕೋಡಿಯಾಚೆಯ ಗುಂಡಿ ಬತ್ತಿತು. ಕೆಳಗಿನ ಬೀದಿಯ ಪುಟ್ಟಮಾದಮ್ಮ ಎಂಬ ಹೆಂಗಸು ಬಿಂದಿಗೆ ಹಿಡಿದು ಮೆಟ್ಟಿಲು ಇಳಿದರು. ಮೇಲಿನ ಬೀದಿಯ ಗಂಡಸರು ಬಿಂದಿಗೆ ಕಿತ್ತು ಕಲ್ಲಿಗೆ ಹೊಡೆದರು. ಜಗಳವಾಯಿತು, ತಲೆ ಒಡೆಯಿತು, ಪೊಲೀಸರು ಎರಡು ಸಲ ಬಂದು ಹೋದರು. ಕೊನೆಗೆ ಎರಡೂ ಬೀದಿಯ ಹಿರಿಯರು ಒಂದು ಮಾತಿಗೆ ಒಪ್ಪಿದರು. ಕೆರೆಯ ಏರಿಯ ಮೇಲೆ ಒಂದು ಶಾಸನದ ಕಲ್ಲಿದೆ. ಕೆರೆ ಕಟ್ಟಿಸಿದವರು ಯಾರು, ನೀರು ಯಾರಿಗೆ ಎಂದು ಅದರಲ್ಲಿ ಬರೆದಿರಬೇಕು. ಕಲ್ಲು ಹೇಳಿದ ಹಾಗೆ ನಡೆಯೋಣ.

ಮೇಷ್ಟ್ರನ್ನು ಕರೆತರಲು ಜೀಪು ಕಳಿಸಿದವರು ಮೇಲಿನ ಬೀದಿಯವರೇ. ಕೆರೆ ಕಟ್ಟಿಸಿದ್ದು ತಮ್ಮ ತಾತನ ತಾತ ಎಂದು ಅವರಿಗೆ ಖಂಡಿತವಾಗಿತ್ತು. ಜೊತೆಗೆ ಮೇಷ್ಟ್ರ ಹಣೆಯ ವಿಭೂತಿ ನೋಡಿ "ನಮ್ಮೋರೇ ಕಣ್ರಿ" ಎಂದು ಧೈರ್ಯವಾಗಿದ್ದರು. ಜೀಪಿನಲ್ಲಿ ನಾವು ಮೂವರು ಹುಡುಗರೂ ಹೋದೆವು. ಅವತ್ತು ಕನ್ನಡಿ ಹಿಡಿಯುವ ಕೆಲಸ ನನ್ನದು.

ಎರಡೂ ಬೀದಿಯ ಜನ ಏರಿಯ ಆಚೆ ಈಚೆ ನಿಂತಿದ್ದರು. ಕಲ್ಲಿನ ಮೇಲೆ ಎಂಟು ಸಾಲು. ಮೇಲಿನ ಮೂರು ಸಾಲು ಸ್ವಲ್ಪ ಸ್ವಲ್ಪ ಕಾಣುತ್ತಿದ್ದವು, ಉಳಿದದ್ದು ಗುರುತು ಸಿಗದ ಹಾಗೆ ಸವೆದಿತ್ತು. ಎರಡನೆಯ ಸಾಲಿನ ಮೇಲೆ ಬೆಳಕು ಹಾಯಿಸಿದಾಗ ನನಗೆ 'ದೀಪ' ಎಂಬ ಎರಡು ಅಕ್ಷರ ಕಂಡವು. ಖುಷಿಯಾಗಿ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಅದೇ ಜಾಗದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು: "ಈ ಕೆಱೆಯಂ ಕಟ್ಟಿಸಿದಳ್ ಕಾಳವ್ವೆ." ನಾನು ಬಾಯಿ ಮುಚ್ಚಿಕೊಂಡೆ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಮತ್ತೆ 'ದೀಪ' ಎಂದೇ ಕಂಡಿತು. ನನ್ನ ಕಣ್ಣಿನದೇ ದೋಷ ಎಂದುಕೊಂಡೆ. ಮೇಷ್ಟ್ರು ಒಂದು ಕಡೆಯೂ ನಿಲ್ಲಲಿಲ್ಲ, ಒಂದು ಕಡೆಯೂ ಚುಕ್ಕಿ ಇಡಿಸಲಿಲ್ಲ. ಕಾಳವ್ವೆ ಕೆಳಗಿನ ಬೀದಿಯ ಕುಲದವಳು, ಮೈಮೇಲಿನ ಒಡವೆ ಮಾರಿ ಕೆರೆ ಕಟ್ಟಿಸಿದಳು, ಹದಿನೆಂಟು ಜಾತಿಯ ಜನವೂ ದನವೂ ಇದರ ನೀರು ಕುಡಿಯಬಹುದು, ತಡೆದವರು ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ. ಹೀಗೆ ಎಂಟೂ ಸಾಲನ್ನು ಹಳಗನ್ನಡದಲ್ಲಿ ಓದಿ, ಒಂದೊಂದಕ್ಕೂ ಅರ್ಥ ಹೇಳಿದರು.

ಶಾಪದ ಮಾತು ಬಂದಾಗ ಮೇಲಿನ ಬೀದಿಯ ಪಟೇಲರು ಹೆಗಲ ಮೇಲಿನ ಟವೆಲ್ ತೆಗೆದು ಕಲ್ಲಿಗೆ ಕೈಮುಗಿದರು. ಕರೆಸಿದವರು ತಾವೇ, ಓದಿದವರು ತಮ್ಮವರೇ. ಇನ್ನೇನು ಮಾತಾಡುವುದು? ಅವತ್ತಿನಿಂದ ಮೆಟ್ಟಿಲು ಎಲ್ಲರದಾಯಿತು. ಅಷ್ಟೇ ಅಲ್ಲ. ಆ ಕಡೆ ಕೆರೆ ತುಂಬಿ ಕೋಡಿ ಬಿದ್ದ ವರ್ಷ ಬಾಗಿನ ಬಿಡುವುದು ವಾಡಿಕೆ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು, ಇನ್ನೊಂದು ಮೊರ ಮುಚ್ಚಿ ನೀರಿಗೆ ಬಿಡುತ್ತಾರೆ. ಮೊದಲ ಬಾಗಿನ ಪಟೇಲರ ಮನೆಯದಾಗಿತ್ತು. ಕಾಳವ್ವೆಯ ಕುಲದವರಿಗೇ ಅದು ಸಲ್ಲಬೇಕು ಎಂದು ಊರು ತೀರ್ಮಾನ ಮಾಡಿತು. ಬಿಂದಿಗೆ ಒಡೆಸಿಕೊಂಡ ಪುಟ್ಟಮಾದಮ್ಮನೇ ಆ ಮಳೆಗಾಲದಲ್ಲಿ ಮೊದಲ ಮೊರ ಹಿಡಿದು ಮುಂದೆ ಇಳಿದರು. ಮೇಲಿನ ಬೀದಿಯ ಹೆಂಗಸರು ಅವರ ಹಿಂದೆ ಇಳಿದರು. ಆಮೇಲೆ ಕೆರೆ ತುಂಬಿದಾಗಲೆಲ್ಲ ಹಾಗೆಯೇ ನಡೆದುಕೊಂಡು ಬಂತು.

ಆ ಓದು ನನ್ನ ಬಾಳನ್ನೇ ಬದಲಿಸಿತು. ಅವರ ಹಾಗೆ ಓದುವವನಾಗಬೇಕು ಎಂದು ಹಟ ಹಿಡಿದು ಎಂ.ಎ. ಮಾಡಿದೆ, ಅದೇ ಕಾಲೇಜಿಗೆ ಮೇಷ್ಟ್ರಾಗಿ ಬಂದೆ, ಪಿಎಚ್.ಡಿ.ಗೆ ಕೂತೆ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ಕಾಳವ್ವೆಯ ಕೆರೆ. ಅವತ್ತು ನಾವು ಬರೆದುಕೊಂಡ ಓದನ್ನೇ ನೆಚ್ಚಿದೆ, ಕಲ್ಲನ್ನು ಮತ್ತೆ ಹೋಗಿ ನೋಡಲಿಲ್ಲ. ಮೇಷ್ಟ್ರಿಗೆ ತೋರಿಸಲು ಹೋದರೆ ಅವರು ಹಾಳೆ ಮುಟ್ಟಲಿಲ್ಲ. "ಆ ಕಲ್ಲು ಬಿಡು. ಬೇರೆ ಎಷ್ಟು ಕಲ್ಲಿಲ್ಲ?" ಎಂದರು. ಯಾಕೆ ಸಾರ್ ಎಂದೆ. "ಬಿಡು ಅಂದ್ನಲ್ಲ." ಇನ್ನೂ ಎರಡು ಸಲ ಹೋದೆ, ಎರಡು ಸಲವೂ ಇದೇ ಮಾತು. ಅವರು ಆ ಓದನ್ನು ಎಲ್ಲೂ ಅಚ್ಚು ಹಾಕಿಸಿರಲಿಲ್ಲ, ಪಿಎಚ್.ಡಿ. ಮಾಡಿರಲಿಲ್ಲ, ಪ್ರಿನ್ಸಿಪಾಲ್ ಆಗುವ ಸರದಿಯನ್ನೂ ಬಿಟ್ಟುಕೊಟ್ಟಿದ್ದರು. ಶಿಷ್ಯ ಮುಂದೆ ಹೋಗುತ್ತಿದ್ದಾನೆ ಎಂದು ಮೇಷ್ಟ್ರಿಗೆ ಹೊಟ್ಟೆಕಿಚ್ಚು ಎಂದು ನಾನು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಹೇಳಿದೆ. ಇದನ್ನು ಇಲ್ಲಿ ಬರೆಯಲೇಬೇಕು. ಹೇಳಿದ್ದು ನಾನು. ಅದು ಅವರ ಕಿವಿಗೂ ಬಿತ್ತು. ಅದಾದ ಮೇಲೂ ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡಿದರು, ನನ್ನ ಮಗಳ ನಾಮಕರಣಕ್ಕೆ ಬಂದು ಊಟ ಮಾಡಿ ಹೋದರು. ಅಧ್ಯಾಯ ಅಚ್ಚಾಯಿತು, ನನಗೆ ಡಾಕ್ಟರೇಟ್ ಬಂತು. ಪುಸ್ತಕದ ಪ್ರತಿಯನ್ನು ಅವರ ಕೈಗೆ ಕೊಟ್ಟಾಗ ಎರಡೂ ಕೈಯಲ್ಲಿ ತೆಗೆದುಕೊಂಡರು, ತೆರೆಯಲಿಲ್ಲ.

ಅವರು ಸತ್ತ ಮೇಲೆ ನಾವು ಶಿಷ್ಯರು ಒಂದು ನೆನಪಿನ ಸಂಪುಟ ತರೋಣ ಎಂದುಕೊಂಡೆವು. ಮುಖಪುಟಕ್ಕೆ ಕಾಳವ್ವೆಯ ಕಲ್ಲಿನ ಚಿತ್ರವೇ ಆಗಬೇಕು ಎಂದವನು ನಾನು. ಅದೇ ಹೊತ್ತಿಗೆ ಆ ಊರಿನ ಪಂಚಾಯಿತಿಯಿಂದಲೂ ಫೋನ್ ಬಂತು. ಕೆರೆಯ ಹತ್ತಿರ ಗ್ರಾನೈಟ್ ಫಲಕ ನಿಲ್ಲಿಸುತ್ತಾರಂತೆ, ಶಾಸನದ ಮಾತನ್ನು ನಾನು ಬರೆದುಕೊಡಬೇಕಂತೆ. ಫೋನ್ ಮಾಡಿದವರು ಮಾದೇವಸ್ವಾಮಿ, ಪಂಚಾಯಿತಿ ಮೆಂಬರು, ಆ ಹಳೆಯ ಪಟೇಲರ ಮಗ. ಬರೆದುಕೊಡುವುದೇನು ದೊಡ್ಡ ವಿಷಯ, ಎಂಟು ಸಾಲೂ ನನಗೆ ಬಾಯಿಪಾಠ. ಚಿತ್ರ ತೆಗೆಯಲು ನನ್ನ ವಿದ್ಯಾರ್ಥಿನಿ ಡೋಲ್ಮಾಳನ್ನು ಕರೆದುಕೊಂಡು ಹೋದೆ. ಒಡೆಯರಪಾಳ್ಯದ ಟಿಬೆಟನ್ ಹುಡುಗಿ. ಹುಟ್ಟಿದ್ದು ಅಲ್ಲಿಯೇ, ಕನ್ನಡ ನಮ್ಮೆಲ್ಲರಿಗಿಂತ ಸ್ಪಷ್ಟ. ಈಗ ಕನ್ನಡಿಯ ಕಾಲವಲ್ಲ. ಬೇರೆ ಬೇರೆ ಕಡೆಯಿಂದ ಟಾರ್ಚಿನ ಬೆಳಕು ಬಿಟ್ಟು ನೂರಾರು ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಕೊಟ್ಟರೆ ಸವೆದ ಅಕ್ಷರಗಳು ಎದ್ದು ಕಾಣುತ್ತವೆ.

ಮೂರು ದಿನದ ಮೇಲೆ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಮುಖದಲ್ಲಿ ಗಾಬರಿ ಇತ್ತು.

"ಸಾರ್, ನಾನು ತಪ್ಪು ಕಲ್ಲಿನ ಫೋಟೋ ತೆಗೆದೆನಾ?"

"ಯಾಕಮ್ಮಾ?"

"ಇದರಲ್ಲಿ ಕೆರೆ ಅನ್ನೋ ಮಾತೇ ಇಲ್ಲವಲ್ಲ ಸಾರ್."

ನೋಡಿದೆ. ಎಂಟು ಸಾಲೂ ಹಲ್ಲಿನ ಸಾಲಿನ ಹಾಗೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಯಾರೋ ಒಬ್ಬರು ಯಾವುದೋ ಗುಡಿಯ ಸಂಜೆದೀಪದ ಎಣ್ಣೆಗೆಂದು ಒಂದು ತುಂಡು ಹೊಲ ಬಿಟ್ಟುಕೊಟ್ಟಿದ್ದರು. ಕೆರೆ ಇಲ್ಲ, ಕಾಳವ್ವೆ ಇಲ್ಲ, ಹದಿನೆಂಟು ಜಾತಿ ಇಲ್ಲ, ಶಾಪವೂ ಇಲ್ಲ. ಎರಡನೆಯ ಸಾಲಿನಲ್ಲಿ 'ದೀಪ' ಇತ್ತು. ನನಗೆ ಕಂಡಿತ್ತು. ಇಪ್ಪತ್ತರ ವಯಸ್ಸಿನ ನನ್ನ ಕಣ್ಣು ಸರಿಯಾಗಿಯೇ ಇತ್ತು!

ಅವತ್ತೇ ನಾನು ಬಾಗಿಲು ಹಾಕಿಕೊಂಡು ಕೂತದ್ದು. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಎರಡು ಪುಟ ಕತೆ ಕಟ್ಟಿದೆ ಎಂದು ನನಗೆ ಸೊನ್ನೆ ಹಾಕಿದವರು ಇಡೀ ಊರಿಗೆ ಕತೆ ಕಟ್ಟಿ ಹೇಳಿದ್ದರು. ಬಸ್ ಕಂಡಕ್ಟರನ ತಲೆಯಲ್ಲಿ ತಪ್ಪು ಉಳಿಯಬಾರದು ಎಂದವರು ನನ್ನ ತಲೆಯಲ್ಲಿ ಸುಳ್ಳು ತುಂಬಿ, ಅದರ ಮೇಲೆ ನಾನು ಮನೆ ಕಟ್ಟುವುದನ್ನು ನೋಡುತ್ತ ಕೂತಿದ್ದರು. ನನ್ನ ಡಾಕ್ಟರೇಟ್, ನನ್ನ ಹೆಸರು, ಎಲ್ಲ ಬುಡವಿಲ್ಲದ್ದು. ಒಂದೇ ಒಂದು ಪೋಸ್ಟ್‌ಕಾರ್ಡ್ ನನಗೆ ಹಾಕಲು ಅವರಿಗೆ ಆಗಲಿಲ್ಲವೇ?

ಆ ಸಿಟ್ಟಿನಲ್ಲೇ ಅವರ ಮನೆಗೆ ಹೋದೆ. ಅಮ್ಮಾವ್ರು, ಮೇಷ್ಟ್ರ ಹೆಂಡತಿ, ಒಳಗೆ ಕರೆದು ಕೂರಿಸಿದರು. ನಾನು ಸುತ್ತುಬಳಸದೆ ಹೇಳಿಬಿಟ್ಟೆ. ಅವರು ಸೆರಗಿನ ತುದಿ ತಿರುವುತ್ತ ಹೇಳಿದರು.

"ನನಗೆ ಏನಂತ ಗೊತ್ತಿಲ್ಲ ಕಣಪ್ಪ. ಅವತ್ತು ಆ ಊರಿಂದ ಬಂದೋರು ಊಟ ಮಾಡಲಿಲ್ಲ. ಏನು ಅಂದೆ. 'ಇನ್ನು ಕಲ್ಲು ಓದೋ ಯೋಗ್ಯತೆ ನನಗಿಲ್ಲ' ಅಂದ್ರು. ಕೈಚೀಲದಿಂದ ಕನ್ನಡಿ ತೆಗೆದು ಬಚ್ಚಲ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ರು. ಆಮೇಲೆ ಸಾಯೋ ತನಕ ಅದರಲ್ಲಿ ಗಡ್ಡ ಕೆರೆದುಕೊಂಡಿದ್ದಷ್ಟೇ."

ಹೌದಲ್ಲ! ಆ ದಿನದ ಮೇಲೆ ಮೇಷ್ಟ್ರು ಒಂದು ಭಾನುವಾರವೂ ಹೊರಡಲಿಲ್ಲ. ಮಂಡಿ ನೋವು ಎಂದರು, ನಾವು ನಂಬಿದೆವು. ಆದರೆ ಜಾತ್ರೆಗೆ ಹೋದಾಗ ಬೆಟ್ಟದ ಮೆಟ್ಟಿಲುಗಳನ್ನು ನಮಗಿಂತ ಮುಂದೆ ಹತ್ತುತ್ತಿದ್ದ ಮಂಡಿ ಅದು. ಹದಿನಾಲ್ಕು ವರ್ಷ ಕಲ್ಲು ಓದಿದ ಮನುಷ್ಯ ನಲವತ್ತನಾಲ್ಕನೆಯ ವಯಸ್ಸಿಗೆ, ಒಂದು ಮಧ್ಯಾಹ್ನಕ್ಕೆ, ತನಗೆ ಪ್ರಾಣವಾಗಿದ್ದ ಕೆಲಸವನ್ನು ತಾನೇ ಕಿತ್ತುಕೊಂಡಿದ್ದರು. ಆಮೇಲೆ ನಿವೃತ್ತಿಯವರೆಗೆ ತರಗತಿಯಲ್ಲಿ ಪದ್ಯ ಓದಿಸಿದರು, ಮನೆಗೆ ಬಂದರು, ಅಷ್ಟೆ. ಎದುರಿಗೇ ಇದ್ದ ಇದನ್ನು ನಾನು ಓದಲಿಲ್ಲ. ಅವರ ಮೇಲಿನ ಸಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ, ಹೋಗಿಲ್ಲ. ಆದರೆ ಅವತ್ತು ಆ ಬಚ್ಚಲ ಬಾಗಿಲಲ್ಲಿ ನಿಂತು ನಾನು ಮಗುವಿನ ಹಾಗೆ ಅತ್ತೆ.

ಅತ್ತರೆ ಮುಗಿಯಲಿಲ್ಲ. ಮಾದೇವಸ್ವಾಮಿಯ ಫೋನ್ ಬರುತ್ತಲೇ ಇತ್ತು. ಡೋಲ್ಮಾ ಫೋಟೋ ತೆಗೆದು ಇಷ್ಟು ದಿನವಾದರೂ ನಾನು ಬರೆದುಕೊಡದ್ದಕ್ಕೆ ಏನೋ ಗುಮಾನಿ ಹುಟ್ಟಿರಬೇಕು, ಅವರ ದನಿ ಬದಲಾಗಿತ್ತು.

"ಸಾ, ನಮ್ಮಪ್ಪನ ಕಾಲದಿಂದ ಒಂದು ಮಾತು ಕೇಳ್ಕಂಡು ಕೂತಿದೀವಿ. ಕಲ್ಲಲ್ಲಿ ಬೇರೆ ಏನಾರ ಇದ್ರೆ ಏಳ್ಬುಡಿ. ಈ ಸಲ ಮಳೆ ಚೆನ್ನಾಗದೆ, ಕೆರೆ ತುಂಬ್ತದೆ. ಮೊದಲ್ನೆ ಬಾಗಿನ ಯಾರ್ದು ಅಂತ ಕಿಲಿಯರ್ ಆಗ್ಲಿ."

ನಾನು ನಿಜ ಹೇಳಿದರೆ ಪುಟ್ಟಮಾದಮ್ಮನ ಕೈಯಿಂದ ಮೊದಲ ಮೊರ ಹೋಗುತ್ತದೆ. ಮೊರ ಹೋದ ಮೇಲೆ ಮೆಟ್ಟಿಲಿನ ಮಾತು ಏಳಲು ಎಷ್ಟು ಹೊತ್ತು? ಸುಳ್ಳು ಹೇಳಿದರೆ ನಾನೂ ಬಚ್ಚಲಿಗೆ ಕನ್ನಡಿ ನೇತು ಹಾಕಬೇಕು. ಈ ಸಂಕಟ ತಡೆಯಲಾರದೆ ಒಂದು ಬೆಳಗ್ಗೆ ಪುಟ್ಟಮಾದಮ್ಮನ ಮನೆಗೇ ಹೋದೆ. ಅರವತ್ತರ ಹತ್ತಿರದ ಹೆಂಗಸು, ಜಗಲಿಯ ಮೇಲೆ ಹುರುಳಿಕಾಳು ಕೇರುತ್ತ ಕೂತಿದ್ದರು. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಅವ್ವಾ, ಆ ಕಲ್ಲಿನಲ್ಲಿ ಕಾಳವ್ವೆ ಇಲ್ಲ. ಮೇಷ್ಟ್ರು ಸುಳ್ಳು ಓದಿದ್ದರು."

ಅವರು ಮೊರ ನಿಲ್ಲಿಸಲಿಲ್ಲ.

"ಗೊತ್ತು ಸಾ."

"ಗೊತ್ತಾ?"

"ಅವತ್ತೇ ಗೊತ್ತು. ನೀವು ಉಡುಗ್ರು ಕಲ್ಲು ಉಜ್ತಿದ್ರಿ. ಮೇಷ್ಟ್ರು ಕುಡಿಯಕ್ಕೆ ನೀರು ಕೇಳ್ಕಂಡು ನನ್ನ ತಾವ್ಕೆ ಬಂದ್ರು. ನಾನು ಕೊಡ್ಬೋದಾ ಅಂದೆ. ಕೊಡವ್ವ ಅಂದ್ರು. ಕುಡುದ್ರು. ಕುಡುದು, 'ನಿಮ್ಮವ್ವನ ಎಸ್ರೇನವ್ವ?' ಅಂದ್ರು. ಕಾಳಮ್ಮ ಅಂದೆ. ಇನ್ನೂ ಬದುಕವ್ರಾ ಅಂದ್ರು. ಇಲ್ಲ ಸಾ, ಸತ್ತೋದ್ಲು, ಈ ಕೆರೆ ಊಳು ತಗ್ಯೋ ಕೆಲ್ಸಕ್ಕೆ ಓಗಿ ತಲೆ ಮೇಲೆ ಮಣ್ಣೊತ್ತು ಒತ್ತು ಸೊಂಟ ಬಿದ್ದೋಗಿ ಸತ್ಲು ಅಂದೆ. ಅಷ್ಟು ದಿನ ಮಣ್ಣೊತ್ರೂ ಇದ್ರ ನೀರು ಬಾಯ್ಗೆ ಬಿಟ್ಕಳಕ್ಕೆ ಬುಡ್ನಿಲ್ಲ ಅಂದೆ. ಮೇಷ್ಟ್ರು ಲೋಟ ಕೆಳಗಿಟ್ಟು ಕಲ್ಲಿನ ತಾವ್ಕೆ ನಡುದ್ರು. ಆಮೇಲೆ ಕಲ್ಲಿನ ಮೇಲೆ ಬೆರಳಿಟ್ಟು ಕಾಳವ್ವೆ ಅಂದ್ರಲ್ಲ, ನಮ್ಮವ್ವನ್ನೇ ಏಳ್ತಾವ್ರೆ ಅಂತ ತಿಳೀತು ಸಾ."

ಇಷ್ಟು ವರ್ಷ ಒಬ್ಬರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಕೆಳಗಿನ ಬೀದಿಯಲ್ಲಿ ಈಗ ನಾಲ್ಕು ಹೆಣ್ಣುಮಕ್ಕಳಿಗೆ ಕಾಳವ್ವೆಯ ಹೆಸರಿದೆ, ಅದರಲ್ಲಿ ಒಬ್ಬಳು ಅವರ ಮೊಮ್ಮಗಳು.

"ಅಂಗಾರೆ ನಾನೇನು ಮಾಡಲಿ ಅವ್ವ?" ಎಂದೆ.

"ನಿಜಾನೇ ಏಳ್ಬುಡಿ. ಒಂದೊಂದು ಸಲ್ವೂ ಮೊರ ಹಿಡ್ದು ಇಳೀವಾಗ 'ಕೆರೆ ಕಟ್ಸಿದ ಕಾಳವ್ವೆ ತಾಯಿ' ಅಂತ ಎಲ್ರೂ ಕೂಗ್ತಾರೆ, ನಾನೂ ಕೂಗ್ತೀನಿ. ನಮ್ಮವ್ವ ಕೆರೆ ಕಟ್ಸ್ನಿಲ್ಲ ಸಾ. ಅವ್ಳಿಗೆ ಒಡವೇನೂ ಇರ್ನಿಲ್ಲ. ಮಣ್ಣೊತ್ಲು. ಅದ್ನ ಯಾರೂ ಕೂಗ್ನಿಲ್ಲ."

"ಬಾಗಿನ ಹೋದರೆ?"

"ಓದ್ರೆ ಓಗ್ಲಿ. ಮೆಟ್ಲು ಮಾತ್ರ ಬುಡಕ್ಕಿಲ್ಲ. ಆ ಸಲ ಇಳ್ದಾಗ ನನ್ಗೆ ಯಾವ ಕಲ್ಲೂ ಏಳಿರ್ನಿಲ್ಲ" ಎಂದು ಮೊರವನ್ನು ಒಮ್ಮೆ ಜೋರಾಗಿ ಕೊಡವಿದರು.

ಕಾರ್ತಿಕದಲ್ಲಿ ಕೆರೆ ಕೋಡಿ ಬಿತ್ತು. ಬಾಗಿನದ ಬೆಳಗ್ಗೆ ಏರಿಯ ಮೇಲೆ ಶಾಮಿಯಾನ, ಮೈಕು. ನಾನು ನಿಜವಾದ ಓದನ್ನು ಬರೆದು, ಕೆಳಗೆ ಸಹಿ ಹಾಕಿ ಮಾದೇವಸ್ವಾಮಿಯ ಕೈಗೆ ಕೊಟ್ಟೆ. ನನ್ನ ಅಧ್ಯಾಯ ತಪ್ಪೆಂದು ವಿಶ್ವವಿದ್ಯಾಲಯಕ್ಕೆ ಬರೆದ ಪತ್ರವನ್ನು ಹಿಂದಿನ ದಿನವೇ ಅಂಚೆಗೆ ಹಾಕಿದ್ದೆ. ಮೈಕಿನ ಮುಂದೆ ನಿಂತೆ. ಕಲ್ಲಿನಲ್ಲಿ ಇರುವುದು ದೀಪದ ಎಣ್ಣೆಯ ಮಾತು, ಕೆರೆಯ ಮಾತಲ್ಲ, ಕಾಳವ್ವೆ ಅದರಲ್ಲಿಲ್ಲ, ಶಾಪವೂ ಇಲ್ಲ, ನಮ್ಮ ಮೇಷ್ಟ್ರು ಇಲ್ಲದ್ದನ್ನು ಓದಿದರು ಎಂದು ಒಂದೊಂದಾಗಿ ಹೇಳಿದೆ.

ಮಾದೇವಸ್ವಾಮಿ ಮೈಕು ತೆಗೆದುಕೊಂಡು, "ಕೇಳುದ್ರಲ್ಲ? ಅಂಗಾರೆ ಈ ಸಲದಿಂದ ಮೊದಲ್ನೆ ಬಾಗಿನ ಮೊದಲಿನಂಗೇ ನಮ್ಮನೇದು. ಅವ್ವ, ಇಳಿ" ಎಂದರು.

ಅವರ ತಾಯಿ, ಪಟೇಲರ ಹೆಂಡತಿ, ಮೊರ ಹಿಡಿದು ಮೇಲಿನ ಮೆಟ್ಟಿಲಿನಲ್ಲಿ ನಿಂತಿದ್ದರು. ಎಂಬತ್ತರ ಮುದುಕಿ. ಇಳಿಯಲಿಲ್ಲ. ನನ್ನ ಕಡೆ ತಿರುಗಿದರು.

"ಏನಪ್ಪ, ಆ ಮೇಷ್ಟ್ರು ಸುಳ್ಳು ಏಳುದ್ರಾ?"

"ಹೂಂ ಅವ್ವ."

"ನನ್ನ ತಮ್ಮ ಅವ್ರ ಕೈಲಿ ಓದ್ದೋನು. ಪಾಸ್ ಮಾಡ್ಬುಡಿ ಅಂತ ನಮ್ಮಪ್ಪ ಬುಟ್ಟಿ ತುಂಬ ಮಾವಿನಣ್ಣು ತಕಂಡೋಗಿದ್ರು. ಅಣ್ಣೂ ಮುಟ್ನಿಲ್ಲ, ಪಾಸೂ ಮಾಡ್ನಿಲ್ಲ. ಅವ್ರು ಸುಳ್ಳು ಓದ್ತಾರಾ? ನಿನ್ಗೇ ಕಾಣಿಲ್ಲ ಕಣಪ್ಪ. ಇನ್ನೊಂದ್ಸಲ ಸರ್ಯಾಗಿ ನೋಡು."

"ಫೋಟೋ ಇದೆ ಅವ್ವ..."

"ಫೋಟೋನೂ ಬ್ಯಾಡ, ಪೇಪರೂ ಬ್ಯಾಡ. ಶಾಪ ಇಲ್ಲ ಅಂತ ನೀನು ಏಳ್ತೀಯ. ಇದ್ರೆ? ನನ್ನ ಮೊಮ್ಮಕ್ಕಳ ತಲೆ ಮೇಲೆ ಬರ್ತದಲ್ಲ, ನೀನು ತಡೀತೀಯ?"

ಹಿಂದೆ ನಿಂತ ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಜೀವಮಾನದಲ್ಲಿ ಒಂದು ಕಲ್ಲನ್ನು ಒಂದು ಅಕ್ಷರವೂ ಬಿಡದೆ ಸರಿಯಾಗಿ ಓದಿದ್ದೆ. ನಂಬುವವರು ಒಬ್ಬರೂ ಇರಲಿಲ್ಲ. ಮೇಷ್ಟ್ರು ಬದುಕಿನುದ್ದಕ್ಕೂ ಹೇಳಿದ ನಿಜವೆಲ್ಲ ಆ ಒಂದು ಸುಳ್ಳಿನ ಬೆನ್ನಿಗೆ ನಿಂತಿತ್ತು. ಮಾದೇವಸ್ವಾಮಿ ನನ್ನ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡು, "ಇದು ನನ್ನ ತಾವೇ ಇರ್ತದೆ ಸಾ. ಮುಂದಿನ ಸಲ ನೋಡ್ಕೋತೀನಿ" ಎಂದು ಹಲ್ಲು ಕಚ್ಚಿದರು.

"ಎಲ್ಲಮ್ಮಿ ಪುಟ್ಟಮಾದಿ? ಒತ್ತಾಯ್ತದೆ, ಇಳಿ ಮುಂದೆ" ಎಂದು ಮುದುಕಿ ಕೂಗಿದರು.

ಪುಟ್ಟಮಾದಮ್ಮ ಜನರ ನಡುವಿನಿಂದ ಬಂದರು. ನನ್ನ ಮುಖ ನೋಡಿದರು. ಅವರು ಮೊರ ಎತ್ತಿಕೊಂಡು ಮೆಟ್ಟಿಲು ಇಳಿದರು. ಹಿಂದಿನಿಂದ ಹೆಂಗಸರು ಎಂದಿನ ಹಾಗೆ "ಕೆರೆ ಕಟ್ಸಿದ ಕಾಳವ್ವೆ ತಾಯಿ" ಎಂದು ಕೂಗಿದರು. ಪುಟ್ಟಮಾದಮ್ಮ ಕೂಗಲಿಲ್ಲ. ಮಂಡಿಯುದ್ದ ನೀರಿನಲ್ಲಿ ಬಗ್ಗಿ ನಿಂತು ಮೊರವನ್ನು ಎರಡೂ ಕೈಯಿಂದ ಮೆಲ್ಲಗೆ ನೀರಿಗೆ ಬಿಟ್ಟರು. ಎರಡು ಮೆಟ್ಟಿಲು ಮೇಲೆ ನಿಂತಿದ್ದ ನನಗೆ ಅವರ ಮಾತು ಕೇಳಿಸಿತು.

"ಅವ್ವ, ಮಣ್ಣೊತ್ತೋಳೆ, ತಕ್ಕೊ. ನೀರು ಕುಡಿ."